ಹೊಸ ಅಡಿಗಲ್ಲು ಬೇಡ, ಹಳೆ ಬೀಗ ತೆಗೆಯಿರಿ

ಕಲ್ಯಾಣ ಕರ್ನಾಟಕ ಪ್ರದೇಶ ಅಭಿವೃದ್ಧಿ ಮಂಡಳಿಯ ಅಧ್ಯಕ್ಷರಿಗೆ, ಕಲಬುರಗಿ ಜಿಲ್ಲಾಧಿಕಾರಿಗಳಿಗೆ, ಮಹಾನಗರ ಪಾಲಿಕೆ ಆಯುಕ್ತರಿಗೆ, ಮತ್ತು ನಮ್ಮ ಊರಿನ ಮಠ, ದರ್ಗಾ, ಚರ್ಚ್, ವಿಹಾರ, ಟ್ರಸ್ಟ್‌ಗಳ ಆಡಳಿತ ನೋಡಿಕೊಳ್ಳುವ ಹಿರಿಯರಿಗೆ

ಮಾನ್ಯರೇ,

ಕಲಬುರಗಿಗೆ ಒಂದು ಹಾಸ್ಪೈಸ್ ಬೇಕು. ಇನ್ನು ಕಾಯಿಲೆ ಗುಣವಾಗುವುದಿಲ್ಲ ಎಂದು ಡಾಕ್ಟರು ಹೇಳಿಬಿಟ್ಟ ಮೇಲೆ, ಉಳಿದ ದಿನಗಳನ್ನು ನೋವಿಲ್ಲದೆ, ಮನೆಯವರ ಜೊತೆ ಕಳೆಯುವುದಕ್ಕೆ ಒಂದು ಜಾಗ. ಅದನ್ನು ಊರ ಹೊರಗೆ ಹೊಸದಾಗಿ ಕಟ್ಟಬೇಡಿ. ಊರೊಳಗೆ ಬೀಗ ಹಾಕಿಕೊಂಡು ನಿಂತಿರುವ ಗಟ್ಟಿ ಹಳೆ ಕಟ್ಟಡ ಒಂದನ್ನು ಆರಿಸಿ, ರಿಪೇರಿ ಮಾಡಿ, ಬರುವ ಬೇಸಿಗೆಯೊಳಗೆ ಬಾಗಿಲು ತೆಗೆಯಿರಿ. ನಾನು ಕೇಳುವುದು ಇಷ್ಟೇ. ಹಳೆ ಕಟ್ಟಡಗಳ ರಿಪೇರಿ ನನ್ನ ಕಸುಬು. ಹಾಗಾಗಿ ಈ ಪತ್ರದಲ್ಲಿ ಗೋಡೆ, ಕಿಟಕಿ, ಛಾವಣಿಯ ಮಾತೇ ಜಾಸ್ತಿ ಬರುತ್ತದೆ, ದಯವಿಟ್ಟು ತಾಳ್ಮೆಯಿಂದ ಓದಿ.

ನಮ್ಮ ಊರಲ್ಲಿ ಆಸ್ಪತ್ರೆಗಳಿಗೆ ಈಗ ಕೊರತೆ ಇಲ್ಲ. ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆ ಜಿಮ್ಸ್ ಇದೆ, ಕ್ಯಾನ್ಸರಿಗೆ ಕಿದ್ವಾಯಿಯ ಘಟಕ ಇದೆ, ಹೃದಯಕ್ಕೆ ಜಯದೇವ ಬಂದಿದೆ, ಇಎಸ್‌ಐ ಇದೆ. ಇಲ್ಲಿ ಆಗದಿದ್ದರೆ ಜನ ಸೊಲ್ಲಾಪುರಕ್ಕೆ, ಬಾರ್ಶಿಗೆ, ಹೈದರಾಬಾದಿಗೆ ಹೋಗುತ್ತಾರೆ. ರಾತ್ರಿ ರೈಲು ಹತ್ತಿ ಬೆಂಗಳೂರಿಗೂ ಹೋಗುತ್ತಾರೆ. ಹೊಲ ಮಾರಿ ಹೋಗುವವರೂ ಇದ್ದಾರೆ. ಚಿಕಿತ್ಸೆ ಇರುವವರೆಗೆ ಎಲ್ಲೋ ಒಂದು ಹಾಸಿಗೆ ಸಿಗುತ್ತದೆ. ಚಿಕಿತ್ಸೆ ಮುಗಿದ ದಿನ ಆ ಹಾಸಿಗೆ ಖಾಲಿ ಮಾಡಬೇಕು. ಅದು ಆಸ್ಪತ್ರೆಯ ತಪ್ಪು ಅಂತ ನಾನು ಹೇಳುವುದಿಲ್ಲ, ಹೊರಗೆ ಇನ್ನೊಬ್ಬ ರೋಗಿ ಕಾಯುತ್ತಿರುತ್ತಾನೆ. ಆದರೆ ಅಲ್ಲಿಂದ ಮುಂದೆ ಹೋಗುವುದು ಎಲ್ಲಿಗೆ?

ನಮ್ಮ ಸೋದರತ್ತೆಗೆ ಕೆನ್ನೆಯ ಒಳಗೆ ಕ್ಯಾನ್ಸರ್ ಆಗಿತ್ತು. ಬೇರೆ ಊರಿನ ಒಂದು ದೊಡ್ಡ ಆಸ್ಪತ್ರೆಯಲ್ಲಿ, "ಇನ್ನ ಇಲ್ಲಿ ಮಾಡೋದು ಏನಿಲ್ಲರಿ, ಮನಿಗಿ ಕರ್ಕೊಂಡ್ ಹೋಗ್ರಿ" ಅಂದರು. ಮನೆ ಅಂದರೆ ಮಗನ ಬಾಡಿಗೆ ಮನೆ. ಮೇಲೆ ತಗಡು, ಇದ್ದ ಒಂದೇ ಕಿಟಕಿ ಪಕ್ಕದ ಮನೆ ಗೋಡೆಗೆ ಮುಖ ಮಾಡಿತ್ತು. ಮೇ ತಿಂಗಳು. ಗಾಯದ ವಾಸನೆ ಆ ಕೋಣೆಯಿಂದ ಹೊರಗೆ ಹೋಗಲು ದಾರಿ ಇರಲಿಲ್ಲ. ಮೊಮ್ಮಕ್ಕಳು ಬಾಗಿಲ ಹತ್ತಿರ ಬಂದು ನಿಲ್ಲುತ್ತಿದ್ದರು, ಒಳಗೆ ಬರುತ್ತಿರಲಿಲ್ಲ. ಅದು ಆಕೆಗೆ ಗೊತ್ತಾಗುತ್ತಿತ್ತು. ಬಾಯಿ ತೆರೆಯಲು ಆಗದಿದ್ದರೂ ಕೈ ಮಾಡಿ ಕಿಟಕಿ ತೋರಿಸುತ್ತಿದ್ದರು. ನೋವಿಗೆ ಸರಿಯಾದ ಔಷಧಿ ಇತ್ತು, ಆ ವಾಸನೆ ಕಡಿಮೆ ಮಾಡುವ ಪುಡಿಯೂ ಇತ್ತು ಎಂದು ನಮಗೆ ತಿಳಿದದ್ದು ಆಮೇಲೆ. ಆಗ ಹೇಳುವವರು ಯಾರೂ ಇರಲಿಲ್ಲ.

ಇದು ನಮ್ಮ ಒಂದು ಮನೆಯ ಕಥೆ ಅಲ್ಲ. ಉಪಶಮನ ಆರೈಕೆ, ಅಂದರೆ ನೋವು, ನರಳಾಟ ಕಡಿಮೆ ಮಾಡುವ ಆರೈಕೆ, ಬೇಕಾದವರು ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 5.7 ಕೋಟಿ ಜನ, ಅದು ಸಿಗುವುದು ನೂರರಲ್ಲಿ ಸುಮಾರು 14 ಜನಕ್ಕೆ ಎಂದು ವಿಶ್ವ ಆರೋಗ್ಯ ಸಂಸ್ಥೆಯೇ ಹೇಳಿದೆ. ಗುಟ್ಕಾ, ತಂಬಾಕು ಇಷ್ಟು ಓಡಾಡುವ ನಮ್ಮ ಭಾಗದಲ್ಲಿ ಬಾಯಿ ಕ್ಯಾನ್ಸರ್ ನೋಡದ ಓಣಿ ಇದೆಯಾ ಹೇಳಿ.

ಇನ್ನೊಂದು ವಿಷಯವೂ ಇದೆ. ಘನತೆಯಿಂದ ಸಾಯುವುದು ಬದುಕುವ ಹಕ್ಕಿನ ಒಂದು ಭಾಗ ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ಹೇಳಿತು. ಅದನ್ನು ಜಾರಿಗೆ ತರಲು ನಮ್ಮ ರಾಜ್ಯ ಸರ್ಕಾರ 2025ರ ಜನವರಿಯಲ್ಲಿ ಸುತ್ತೋಲೆ ಹೊರಡಿಸಿತು. ಒಳ್ಳೆಯ ಕೆಲಸ. ಚೇತರಿಕೆ ಸಾಧ್ಯವೇ ಇಲ್ಲದ ರೋಗಿಗೆ ಯಂತ್ರಗಳ ಆಧಾರ ತೆಗೆಯುವುದು ಹೇಗೆ, ಯಾವ ವೈದ್ಯರ ಮಂಡಳಿ ಒಪ್ಪಬೇಕು ಎಂಬುದೆಲ್ಲ ಅದರಲ್ಲಿದೆ. ಯಂತ್ರ ತೆಗೆದ ಮೇಲೆ ಆ ಮನುಷ್ಯ ಕೆಲವು ಗಂಟೆ ಇರಬಹುದು, ಕೆಲವು ದಿನ ಇರಬಹುದು. ಆ ದಿನಗಳಿಗೆ ಕಲಬುರಗಿಯಲ್ಲಿ ಜಾಗ ತೋರಿಸಬೇಕಲ್ವಾ?

ಹೊಸ ಕಟ್ಟಡ ಯಾಕೆ ಬೇಡ ಅಂತೀರಾ? ಮೊದಲ ಕಾರಣ ಸಮಯ. ಜಾಗ ಹುಡುಕಬೇಕು, ಭೂಮಿ ಪರಿವರ್ತನೆ ಆಗಬೇಕು, ನಕ್ಷೆ, ಅಂದಾಜು, ಟೆಂಡರ್, ಅಡಿಗಲ್ಲು, ಆಮೇಲೆ ಬಿಲ್ಲು ಬಾಕಿ ಅಂತ ನಿಂತ ಕೆಲಸ. ನಮ್ಮ ಭಾಗದಲ್ಲಿ ಇದೆಲ್ಲ ಎಷ್ಟು ವರ್ಷ ಹಿಡಿಯುತ್ತದೆ ಎಂದು ನಿಮಗೆ ನಾನು ಹೇಳಬೇಕಿಲ್ಲ. ಹಾಸ್ಪೈಸಿಗೆ ಬರುವ ರೋಗಿಗೆ ಉಳಿದಿರುವುದು ವಾರಗಳು, ಹೆಚ್ಚೆಂದರೆ ತಿಂಗಳುಗಳು. ಗಟ್ಟಿ ಇರುವ ಹಳೆ ಕಟ್ಟಡವನ್ನು ಹಿಂದೆ ಬಿದ್ದು ಮಾಡಿಸಿದರೆ ಆರೆಂಟು ತಿಂಗಳಲ್ಲಿ ಸಿದ್ಧ ಮಾಡಬಹುದು.

ಎರಡನೆಯದು ದೂರ. ಹೊಸ ಜಾಗ ಅಂದರೆ ರಿಂಗ್ ರೋಡ್ ಆಚೆ ಎಲ್ಲೋ. ಅಲ್ಲಿಗೆ ರಾತ್ರಿ ಆಟೋ ಬರುವುದಿಲ್ಲ, ಬಂದರೂ ಕೇಳಿದಷ್ಟು ಕೊಡಬೇಕು. ಗಂಜ್‌ನಲ್ಲಿ ಹಮಾಲಿ ಮಾಡುವ ಮಗ ಕೆಲಸ ಮುಗಿಸಿ ಅಪ್ಪನಿಗೆ ಎರಡು ತುತ್ತು ತಿನ್ನಿಸಿ ಹೋಗಬೇಕು. ಸಾಲೆ ಬಿಟ್ಟ ಮೇಲೆ ಮಗಳು ಬಂದು ಅಜ್ಜಿ ಹತ್ತಿರ ಕೂತು ಹೋಂವರ್ಕ್ ಮಾಡಬೇಕು. ಊರ ಹೊರಗಿನ ಕಟ್ಟಡದಲ್ಲಿ ರೋಗಿಗೆ ಔಷಧಿ ಸಿಗುತ್ತದೆ, ಮನುಷ್ಯರು ಸಿಗುವುದಿಲ್ಲ.

ಮೂರನೆಯದು ಈ ಬಿಸಿಲಿನ ಜಿಲ್ಲೆಯಲ್ಲಿ ಇರುವ ನಾವೆಲ್ಲ ಯೋಚಿಸಲೇಬೇಕಾದ ವಿಷಯ. ವಾಡಿ, ಸೇಡಂ, ಮಳಖೇಡದ ಸಿಮೆಂಟ್ ಕಾರ್ಖಾನೆಗಳು ನಮ್ಮ ಕಣ್ಣೆದುರಿಗೇ ಇವೆ. ಸಿಮೆಂಟ್ ಮಾಡಲು ಸುಣ್ಣದ ಕಲ್ಲನ್ನು ಸುಮಾರು 1,450 ಡಿಗ್ರಿವರೆಗೆ ಕಾಯಿಸಬೇಕು. ಉರಿಸುವ ಕಲ್ಲಿದ್ದಲಿನ ಹೊಗೆ ಒಂದು ಕಡೆ, ಕಲ್ಲಿನೊಳಗಿಂದಲೇ ಹೊರಬರುವ, ಭೂಮಿಯ ಬಿಸಿ ಏರಿಸುವ ಇಂಗಾಲದ ಡೈಆಕ್ಸೈಡ್ ಇನ್ನೊಂದು ಕಡೆ. ಜಗತ್ತಿನಲ್ಲಿ ಮನುಷ್ಯರಿಂದ ಗಾಳಿಗೆ ಸೇರುವ ಆ ಅನಿಲದಲ್ಲಿ ಶೇ 7–8ರಷ್ಟು ಸಿಮೆಂಟಿನದು. ಆ ಕಾರ್ಖಾನೆಗಳಿಂದ ನಮ್ಮ ಸಾವಿರಾರು ಮನೆಗಳ ಒಲೆ ಉರಿಯುತ್ತದೆ, ಅವನ್ನು ಬೈಯುವುದು ನನ್ನ ಉದ್ದೇಶ ಅಲ್ಲ. ಆದರೆ ನಿಂತಿರುವ ಗೋಡೆ ಕೆಡವಿ ಅದೇ ಕೆಲಸಕ್ಕೆ ಮತ್ತೆ ಲಾರಿಗಟ್ಟಲೆ ಸಿಮೆಂಟ್ ಸುರಿಯುವುದು ತಪ್ಪು. ಈಗಾಗಲೇ ಇರುವ ಕಲ್ಲು, ಸುಣ್ಣ, ತೊಲೆಗೆ ಯಾರೋ ಹಿರಿಯರು ಬೆಲೆ ಕೊಟ್ಟು ಮುಗಿಸಿದ್ದಾರೆ.

ಹಳೆ ಕಟ್ಟಡವನ್ನು ಇದಕ್ಕೆ ಬಳಸುವುದು ಹೊಸ ಯೋಚನೆಯೂ ಅಲ್ಲ. ಐರ್ಲೆಂಡಿನ ಡಬ್ಲಿನ್‌ನಲ್ಲಿ 1879ರಲ್ಲಿ ಸನ್ಯಾಸಿನಿಯರು ತಾವು ಇದ್ದ ಹಳೆ ಕಾನ್ವೆಂಟ್ ಮನೆಯನ್ನೇ ಸಾಯುವವರ ಆರೈಕೆಗೆ ಬಿಟ್ಟುಕೊಟ್ಟರು. ಈಗಿನ ಹಾಸ್ಪೈಸ್‌ಗಳ ಮೊದಲ ಸಾಲಿನಲ್ಲಿ ಅದು ಬರುತ್ತದೆ. ನಮ್ಮ ದೇಶದಲ್ಲಿ ಮೊದಲನೆಯದು 1986ರಲ್ಲಿ ಮುಂಬೈಯಲ್ಲಿ ಶುರುವಾದ ಶಾಂತಿ ಅವೇದನಾ. ಬೆಂಗಳೂರಿನ ಕರುಣಾಶ್ರಯ ಹೊಸದಾಗಿ ಕಟ್ಟಿದ್ದು ನಿಜ, ಆದರೆ ಅವರೂ ಕಟ್ಟಡಕ್ಕೆ ಕಾಯಲಿಲ್ಲ. 1995ರಲ್ಲಿ ಮನೆಮನೆಗೆ ಹೋಗಿ ಆರೈಕೆ ಶುರು ಮಾಡಿದರು, ಹಾಸಿಗೆಗಳು ಬಂದದ್ದು 1999ರಲ್ಲಿ. ಅಲ್ಲಿ ರೋಗಿಗಳಿಂದ ಹಣ ತೆಗೆದುಕೊಳ್ಳುವುದಿಲ್ಲ. ಆದರೆ ಅಫಜಲಪುರದಿಂದಲೋ ಚಿಂಚೋಳಿಯಿಂದಲೋ ಸಾಯುವ ಮನುಷ್ಯನನ್ನು ಬೆಂಗಳೂರಿಗೆ ಒಯ್ಯುವುದು ಆಗದ ಮಾತು.

ಈಗ ಬಿಸಿಲಿನ ವಿಷಯ. ಏಪ್ರಿಲ್, ಮೇ ಬಂತೆಂದರೆ ನಮ್ಮ ಜಿಲ್ಲೆಗಳಲ್ಲಿ ಸರ್ಕಾರಿ ಕಚೇರಿ ಬೆಳಿಗ್ಗೆ 8ಕ್ಕೆ ಶುರುವಾಗಿ ಮಧ್ಯಾಹ್ನ 1.30ಕ್ಕೆ ಮುಗಿಯುತ್ತದೆ. 42, 43 ಡಿಗ್ರಿಯಲ್ಲಿ ಆರೋಗ್ಯವಂತರೇ ಕೆಲಸ ಮಾಡಲು ಆಗುವುದಿಲ್ಲ ಎಂದು ಸರ್ಕಾರವೇ ಒಪ್ಪಿಕೊಂಡ ಹಾಗಾಯಿತು. ಮಗ್ಗಲು ಬದಲಿಸಲೂ ಆಗದ ರೋಗಿಗೆ ಆ ಮಧ್ಯಾಹ್ನ ಹೇಗಿರುತ್ತದೆ? ಬೆವರಿಗೆ ಚರ್ಮ ಮೆತ್ತಗಾಗಿ ಬೆನ್ನಲ್ಲಿ ಹಾಸಿಗೆ ಹುಣ್ಣು ಬೇಗ ಏಳುತ್ತವೆ. ನೀರು ಕುಡಿಯಲು ಆಗುವುದಿಲ್ಲ, ಬಾಯಿ ಒಣಗುತ್ತದೆ. ಅಷ್ಟರಲ್ಲಿ ಕರೆಂಟ್ ಹೋಗುತ್ತದೆ.

ನಾಲ್ಕೈದು ಇಂಚಿನ ಆರ್‌ಸಿಸಿ ಛಾವಣಿ ಇಡೀ ದಿನ ಬಿಸಿಲು ಕುಡಿದು, ಸಂಜೆಯಿಂದ ನಡುರಾತ್ರಿವರೆಗೆ ಕಾದ ಹಂಚಿನ ಹಾಗೆ ಕೆಳಗಿನವರನ್ನು ಸುಡುತ್ತದೆ. ನಮ್ಮ ಹಳೆ ಕಟ್ಟಡಗಳ ಗೋಡೆ ಒಂದೂವರೆ, ಎರಡು ಅಡಿ ದಪ್ಪ. ಮಧ್ಯಾಹ್ನದ ಬಿಸಿ ಆ ಕಲ್ಲನ್ನು ದಾಟಿ ಒಳಗೆ ಬರುವ ಹೊತ್ತಿಗೆ ರಾತ್ರಿಯಾಗಿರುತ್ತದೆ. ಆಗ ಕಿಟಕಿ ತೆರೆದರೆ ಬಂದ ಬಿಸಿ ಹೊರಟು ಹೋಗುತ್ತದೆ. ಎತ್ತರದ ಛಾವಣಿ, ಮೇಲೆ ಬೆಳಕಿಂಡಿ, ಕೆಳಗೆ ಶಹಾಬಾದ್ ಪರಸಿ ಎನ್ನುವ ಚಪ್ಪಡಿ ಕಲ್ಲು. ಇವು ಚಂದಕ್ಕೆ ಮಾಡಿದ್ದಲ್ಲ. ಬೀದರಿನಲ್ಲಿ ಮಹಮೂದ್ ಗವಾನ್ 1472ರಲ್ಲಿ ಕಟ್ಟಿಸಿದ ಮದರಸಾ ನೋಡಿ. ನಡುವೆ ಅಂಗಳ, ಸುತ್ತ ಕೋಣೆಗಳು, ಪ್ರತಿ ಕೋಣೆಗೂ ಗಾಳಿ ಬೆಳಕು. ಬೆಂಗಳೂರಿನಿಂದ ಬರುವ ನಕ್ಷೆಯಲ್ಲಿ ಗಾಜಿನ ಮುಖ, ಏಸಿ ಮೆಷಿನ್ ಇರುತ್ತದೆ. ನಮ್ಮ ನೆಲಕ್ಕೆ ಬೇಕಾದ ಪಾಠ ನೂರು ಕಿಲೋಮೀಟರ್ ದೂರದಲ್ಲೇ ಇದೆ.

ಎಲ್ಲ ಹಳೆ ಕಟ್ಟಡವೂ ಆಗುತ್ತದೆ ಅಂತ ಅಲ್ಲ. ಮುಚ್ಚಿದ ಸಿನಿಮಾ ಟಾಕೀಸ್ ಬೇಡ, ಅದಕ್ಕೆ ಕಿಟಕಿಯೇ ಇರುವುದಿಲ್ಲ. ಗೋದಾಮು, ದಾಲ್ ಮಿಲ್ ಶೆಡ್ ತಗಡಿನವು, ಧೂಳಿನವು. ಮದುವೆ ಹಾಲ್ ದೊಡ್ಡದು, ಆದರೆ ಪಕ್ಕದಲ್ಲಿ ಇನ್ನೊಂದು ಮದುವೆ ಹಾಲ್ ಇರುತ್ತದೆ, ಡಿಜೆ ಸದ್ದಿನಲ್ಲಿ ಯಾರಿಗೂ ಕೊನೆ ಉಸಿರು ಬರುವುದು ಬೇಡ. ಹಳೆ ವಾಡೆಗಳು, ಅಂದರೆ ಅಂಗಳವಿರುವ ದೊಡ್ಡ ಮನೆಗಳು, ನನಗೆ ತುಂಬ ಇಷ್ಟ. ಪಡಸಾಲೆ, ಅಂಗಳ, ತಂಪು ಎಲ್ಲ ಇದೆ. ಆದರೆ ಒಂದು ವಾಡೆಗೆ ಹನ್ನೆರಡು ಪಾಲುದಾರರು, ಒಬ್ಬರು ಪುಣೆಯಲ್ಲಿ, ಒಬ್ಬರು ಅಮೆರಿಕದಲ್ಲಿ. ಸಹಿ ಬೀಳುವುದರೊಳಗೆ ಗೋಡೆ ಬೀಳುತ್ತದೆ. ಎಲ್ಲ ಪಾಲುದಾರರು ಒಂದಾಗಿ ಬಂದರೆ ಮಾತ್ರ ಕೈ ಹಾಕಿ.

ನನ್ನ ಮಟ್ಟಿಗೆ ಎಲ್ಲಕ್ಕಿಂತ ಚಲೋ ಅಂದರೆ ಮಕ್ಕಳಿಲ್ಲದೆ ಮುಚ್ಚಿದ ಹಳೆ ಸರ್ಕಾರಿ ಸಾಲೆ, ಇಲ್ಲವೇ ಒಂದು ಟ್ರಸ್ಟಿನ ಹಳೆ ಧರ್ಮಶಾಲೆ. ಸಾಲೆಯಲ್ಲಿ ಉದ್ದ ವರಾಂಡ ಇರುತ್ತದೆ, ಅದರ ನೆರಳು ಗೋಡೆಗೆ ಬಿಸಿಲು ಬೀಳಲು ಬಿಡುವುದಿಲ್ಲ. 20 ಅಡಿ ಉದ್ದ, 20 ಅಡಿ ಅಗಲದ ಒಂದು ಕ್ಲಾಸ್ ರೂಮಿನಲ್ಲಿ ಮೂರು ಹಾಸಿಗೆ ಆರಾಮಾಗಿ ಹಿಡಿಯುತ್ತವೆ, ಪಕ್ಕದಲ್ಲಿ ಮನೆಯವರು ಮಲಗಲೂ ಜಾಗ ಉಳಿಯುತ್ತದೆ. ಮುಂದೆ ಮೈದಾನ. ಅದರಲ್ಲಿ ಒಂದಾದರೂ ಬೇವಿನ ಮರ ಇದ್ದೇ ಇರುತ್ತದೆ. ಎಲ್ಲವೂ ನೆಲಮಟ್ಟದಲ್ಲಿ, ಲಿಫ್ಟ್ ಗೋಜಿಲ್ಲ. ಮೊದಲಿಗೆ 15, 20 ಹಾಸಿಗೆ ಸಾಕು.

ಒಳಗೆ ಏನು ಬದಲಿಸಬೇಕು? ಬಾಗಿಲು ನಾಲ್ಕು ಅಡಿಗೆ ಅಗಲ ಆಗಬೇಕು, ಇಲ್ಲದಿದ್ದರೆ ಹಾಸಿಗೆ ಹೊರಗೆ ಬರುವುದಿಲ್ಲ. ಹೊಸ್ತಿಲು ತೆಗೆಯಬೇಕು. ಮೆಟ್ಟಿಲಿನ ಪಕ್ಕ ಇಳಿಜಾರು ಮಾಡಬೇಕು, ಒಂದು ಅಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದ. ಶೌಚಾಲಯ ಹೊಸದಾಗಿಯೇ ಕಟ್ಟಬೇಕು, ಗಾಲಿಕುರ್ಚಿ ತಿರುಗುವಷ್ಟು ಐದು ಅಡಿ ಜಾಗ, ಹಿಡಿಯಲು ಕಂಬಿ. ಅಲ್ಲಿ ನೆಲಕ್ಕೆ ಪಾಲಿಶ್ ಮಾಡದ ಒರಟು ಪರಸಿ ಹಾಕಿ. ಪಾಲಿಶ್ ಕಲ್ಲು ನೀರು ಬಿದ್ದರೆ ಜಾರುತ್ತದೆ.

ಕಿಟಕಿ ಬಗ್ಗೆ ಸ್ವಲ್ಪ ಹೆಚ್ಚು ಹೇಳುತ್ತೇನೆ. ಹಳೆ ಕಟ್ಟಡದಲ್ಲಿ ಕಿಟಕಿಯ ಕಟ್ಟೆ ಮೂರು, ಮೂರೂವರೆ ಅಡಿ ಎತ್ತರದಲ್ಲಿ ಇರುತ್ತದೆ. ಮಲಗಿದವರಿಗೆ ಅದರಿಂದ ಆಕಾಶದ ಒಂದು ಚೂರು ಮಾತ್ರ ಕಾಣುತ್ತದೆ. ಕಟ್ಟೆಯನ್ನು ಎರಡು ಅಡಿಗೆ ಇಳಿಸಿದರೆ ಮರ ಕಾಣುತ್ತದೆ, ಹೋಗಿ ಬರುವವರು ಕಾಣುತ್ತಾರೆ. ಕಿಟಕಿಯ ಮೇಲಿನ ತೊಲೆ ಹಾಗೇ ಉಳಿಯುತ್ತದೆ, ಕೆಳಗಿನ ಕಲ್ಲು ಬಿಚ್ಚುವುದಷ್ಟೇ ಕೆಲಸ, ದೊಡ್ಡ ಖರ್ಚಲ್ಲ. ರೋಜರ್ ಉಲ್ರಿಚ್ ಎಂಬ ಸಂಶೋಧಕ 1984ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಅಮೆರಿಕದ ಒಂದು ಆಸ್ಪತ್ರೆಯಲ್ಲಿ ಪಿತ್ತಕೋಶದ ಆಪರೇಷನ್ ಆದವರಲ್ಲಿ 23 ಜನರಿಗೆ ಕಿಟಕಿಯಿಂದ ಮರ ಕಾಣುತ್ತಿತ್ತು, 23 ಜನರಿಗೆ ಇಟ್ಟಿಗೆ ಗೋಡೆ. ಮರ ಕಂಡವರು ಬೇಗ ಮನೆಗೆ ಹೋದರು, ಅವರಿಗೆ ಬೇಕಾದ ಜೋರಿನ ನೋವು ಔಷಧಿಯೂ ಕಡಿಮೆ. ನಮ್ಮ ರೋಗಿ ಗುಣವಾಗಿ ಮನೆಗೆ ಹೋಗುವುದಿಲ್ಲ, ಗೊತ್ತು. ನೋವಂತೂ ಅವರಿಗೂ ಇದೆ.

ಒಂದೇ ಕಡೆ ಕಿಟಕಿ ಇದ್ದರೆ ಸಾಲದು. ಎದುರಿನ ಗೋಡೆಯಲ್ಲೂ ಬೇಕು, ಗಾಳಿ ಒಳಗೆ ಬಂದು ಹೊರಗೆ ಹೋಗಬೇಕು. ಗಾಯದ ವಾಸನೆ ನಿಲ್ಲದಿದ್ದರೆ ಮನೆಯವರು ಹತ್ತಿರ ಕೂರುತ್ತಾರೆ, ಮಕ್ಕಳು ಒಳಗೆ ಬರುತ್ತಾರೆ. ಕಟ್ಟಡದಲ್ಲಿ ಬೇರೆ ಯಾವುದಕ್ಕೆ ಹಣ ಕಡಿಮೆ ಬಿದ್ದರೂ ಇದನ್ನು ಬಿಡಬೇಡಿ ಎಂದು ಕೈಮುಗಿದು ಕೇಳುತ್ತೇನೆ.

ಮಲಗಿದವರು ದಿನವಿಡೀ ನೋಡುವುದು ಛಾವಣಿಯನ್ನು. ಅಲ್ಲಿ ಕಣ್ಣಿಗೆ ಹೊಡೆಯುವ ಟ್ಯೂಬ್‌ಲೈಟ್ ಬೇಡ, ಗೋಡೆಗೆ ಬೆಳಕು ಬಿಡುವ ದೀಪ ಇರಲಿ. ಮಂಚಗಳಿಗೆ ಗಾಲಿ ಇರಲಿ, ಯಾವ ದಿಕ್ಕಿಗಾದರೂ ತಿರುಗಿಸಲು ಬರಬೇಕು. ಮುಸ್ಲಿಮರು ಕೊನೆ ಗಳಿಗೆಯಲ್ಲಿ ಮುಖ ಕಿಬ್ಲಾ ಕಡೆಗೆ ಮಾಡುತ್ತಾರೆ, ನಮಗೆ ಅದು ಪಡುವಣ. ಉತ್ತರಕ್ಕೆ ತಲೆ ಬೇಡ ಎನ್ನುವವರು ಬಹಳ ಜನ. ಸಂಜೆ ಮಂಚ ಸಮೇತ ವರಾಂಡಕ್ಕೆ ತಂದರೆ ಅದೇ ದೊಡ್ಡ ಸಮಾಧಾನ.

ಒಂದು ಕೋಣೆಯನ್ನು ಸಾವಿನ ನಂತರದ ಕೆಲಸಕ್ಕೆ ಇಡಬೇಕು. ಆಸ್ಪತ್ರೆಗಳಲ್ಲಿ ಇದನ್ನು ಯಾರೂ ಯೋಚಿಸುವುದಿಲ್ಲ. ಲಿಂಗಾಯತರು ದೇಹವನ್ನು ಕೂತ ಭಂಗಿಯಲ್ಲಿ ಕೂಡಿಸುತ್ತಾರೆ, ಅದನ್ನು ತಡ ಮಾಡುವ ಹಾಗಿಲ್ಲ. ಮುಸ್ಲಿಮರಿಗೆ ಸ್ನಾನ ಮಾಡಿಸಲು ನೀರು, ಮರೆ ಬೇಕು. ಬೌದ್ಧರು ವಂದನೆ ಹೇಳುತ್ತಾರೆ, ಕ್ರೈಸ್ತರು ಪ್ರಾರ್ಥನೆ ಮಾಡುತ್ತಾರೆ. ನೀರು ಹರಿದು ಹೋಗುವ ಪರಸಿ ನೆಲ, ದೊಡ್ಡ ಬಾಗಿಲು, ಹೊರಗೆ ಹತ್ತಾರು ಜನ ಕೂರುವ ಕಟ್ಟೆ. ಇಷ್ಟಿದ್ದರೆ ಎಲ್ಲರಿಗೂ ಆಗುತ್ತದೆ.

ರಿಪೇರಿ ಹೇಗೆ ಮಾಡುತ್ತೀರಿ ಎನ್ನುವುದರ ಮೇಲೆ ಈ ಕಟ್ಟಡದ ತಂಪು ನಿಂತಿದೆ. ಮೊದಲು ಒಳ್ಳೆಯ ಸ್ಟ್ರಕ್ಚರಲ್ ಎಂಜಿನಿಯರ್ ಬಂದು ತೊಲೆ, ಗರ್ಡರ್, ಪರಸಿ ಛಾವಣಿ ಎಲ್ಲ ಪರೀಕ್ಷಿಸಲಿ. ಗಟ್ಟಿ ಇಲ್ಲದಿದ್ದರೆ ಆ ಕಟ್ಟಡ ಬಿಟ್ಟುಬಿಡಿ, ಭಾವನೆಗೆ ಬೀಳಬೇಡಿ. ಗಟ್ಟಿ ಇದ್ದರೆ ಸುಣ್ಣದ ಗೋಡೆಗೆ ಸುಣ್ಣದ ಗಾರೆಯನ್ನೇ ಹಾಕಿ. ಸಿಮೆಂಟ್ ಪ್ಲಾಸ್ಟರ್ ಬಳಿದರೆ ಒಳಗಿನ ತೇವ ಹೊರಗೆ ಹೋಗಲು ದಾರಿ ಸಿಗದೆ ಗೋಡೆ ಉಬ್ಬಿ ಉದುರುತ್ತದೆ. ಛಾವಣಿಯ ಮೇಲೆ ಬಿಳಿ ಸುಣ್ಣ ಅಥವಾ ಬಿಸಿಲು ತಡೆಯುವ ಬಿಳಿ ಬಣ್ಣ. ಪಕ್ಕದ ತೆಲಂಗಾಣ 2023ರಲ್ಲಿ ಇದಕ್ಕಾಗಿಯೇ ತಂಪು ಛಾವಣಿ ನೀತಿ ತಂದಿದೆ. ನಮ್ಮದು ಒಣ ಬಿಸಿಲು, ಹಾಗಾಗಿ ಖಸ್ (ಲಾವಂಚದ ಬೇರು) ಹಾಕಿದ ಕೂಲರ್ ಚೆನ್ನಾಗಿ ಕೆಲಸ ಮಾಡುತ್ತದೆ. ಏಸಿಗಿಂತ ಎಷ್ಟೋ ಕಡಿಮೆ ಕರೆಂಟ್ ಸಾಕು. ಐದು ಕಿಲೋವಾಟ್ ಸೋಲಾರ್ ಹಾಕಿದರೆ ದಿನಕ್ಕೆ ಸುಮಾರು 20 ಯೂನಿಟ್ ಬರುತ್ತದೆ. ಫ್ಯಾನು, ದೀಪ, ಔಷಧಿಯ ಫ್ರಿಜ್ ಅದರಲ್ಲೇ ನಡೆಯುತ್ತವೆ. ಎರಡು ಸಾವಿರ ಚದರ ಅಡಿ ಛಾವಣಿಯ ಮಳೆ ನೀರು ಹಿಡಿದರೆ ವರ್ಷಕ್ಕೆ ಒಂದು ಲಕ್ಷ ಲೀಟರ್ ಸಿಗುತ್ತದೆ. ಹಾಸ್ಪೈಸಿನ ಎಲ್ಲ ಕೆಲಸಕ್ಕೂ ಸಾಲುವುದಿಲ್ಲ, ಗಿಡಗಳಿಗೆ, ಕೂಲರಿಗೆ ಆಗುತ್ತದೆ.

ಅಡುಗೆಮನೆ ಬಗ್ಗೆ ಶರಣಬಸವೇಶ್ವರರ ಊರಿಗೆ ನಾನೇನು ಹೇಳಲಿ? ದಾಸೋಹ ಇಲ್ಲಿ ಎರಡು ಶತಮಾನದ ರೂಢಿ. ಬಂದೇನವಾಜರ ದರ್ಗಾಕ್ಕೂ ಹಸಿದು ಬಂದವರ ಅರಿವಿದೆ. ರೋಗಿಯ ಜೊತೆ ಇರುವವರಿಗೆ ಎರಡು ಹೊತ್ತು ರೊಟ್ಟಿ, ಬೇಳೆ ಕೊಡುವ ಹೊಣೆಯನ್ನು ನಮ್ಮ ಸಂಸ್ಥೆಗಳು ವಾರಕ್ಕೊಬ್ಬರಂತೆ ಹಂಚಿಕೊಳ್ಳಬಹುದು.

ಕಟ್ಟಡ ಅರ್ಧ ಕೆಲಸ ಮಾತ್ರ. ಜೋರಿನ ನೋವು ತಗ್ಗಿಸುವ ಮಾರ್ಫಿನ್ ಮಾತ್ರೆ ಇಡಲು ಮಾನ್ಯತೆ ಬೇಕು. 2014ರಲ್ಲಿ ಮಾದಕ ವಸ್ತು ಕಾಯ್ದೆಗೆ ತಿದ್ದುಪಡಿ ಆದ ಮೇಲೆ ಅದು ಮೊದಲಿನಷ್ಟು ಕಷ್ಟ ಅಲ್ಲ. ತರಬೇತಿ ಪಡೆದ ಡಾಕ್ಟರ್, ರಾತ್ರಿಪಾಳಿಗೂ ನರ್ಸ್‌ಗಳು, ಮನೆಗಳಿಗೆ ಹೋಗುವ ಒಂದು ವಾಹನ ಬೇಕು. ಬಹಳ ರೋಗಿಗಳಿಗೆ ತಮ್ಮ ಮನೆಯಲ್ಲೇ ಇರುವ ಆಸೆ, ಅವರನ್ನು ಹಾಸಿಗೆಗೆ ಎಳೆದು ತರುವುದು ಬೇಡ. ಕೋಯಿಕ್ಕೋಡಿನಲ್ಲಿ 1993ರಲ್ಲಿ ಸಣ್ಣದಾಗಿ ಶುರುವಾದ ಕೆಲಸ, ಓಣಿ ಓಣಿಯ ಸ್ವಯಂಸೇವಕರಿಂದಲೇ ಬೆಳೆದು, 2008ರಲ್ಲಿ ಕೇರಳ ಸರ್ಕಾರದ ನೀತಿಯಾಯಿತು. ನಮ್ಮ ಆಶಾ ಕಾರ್ಯಕರ್ತೆಯರಿಗೆ ಯಾವ ಮನೆಯಲ್ಲಿ ಯಾರು ನರಳುತ್ತಿದ್ದಾರೆ ಎಂದು ಈಗಲೇ ಗೊತ್ತು.

ಅಕ್ಕಪಕ್ಕದ ಮನೆಯವರು ವಿರೋಧ ಮಾಡಬಹುದು. ದಿನಾ ಹೆಣ ನೋಡಬೇಕಾ, ಕಾಯಿಲೆ ಹರಡುತ್ತದಾ ಎಂದು ಕೇಳುತ್ತಾರೆ. ಕೆಲಸ ಶುರುವಾಗುವ ಮೊದಲೇ ಅವರನ್ನು ಕೂಡಿಸಿ ಮಾತಾಡಿ. ಕ್ಯಾನ್ಸರ್ ಒಬ್ಬರಿಂದ ಒಬ್ಬರಿಗೆ ಅಂಟುವುದಿಲ್ಲ ಎಂದು ಡಾಕ್ಟರ ಬಾಯಿಂದಲೇ ಹೇಳಿಸಿ. ಮೈದಾನದ ಒಂದು ಭಾಗ ಓಣಿಯ ಮಕ್ಕಳಿಗೆ ಬಿಡಿ, ಮಕ್ಕಳ ಸದ್ದು ರೋಗಿಗಳಿಗೂ ಬೇಕು.

ಹಣದ ಮಾತು. ಸಂವಿಧಾನದ 371(ಜೆ) ವಿಧಿ ಬಂದದ್ದೇ ಈ ಭಾಗದ ಹಿಂದುಳಿದಿರುವಿಕೆ ನೀಗಲಿ ಎಂದು. ಇತ್ತೀಚಿನ ಬಜೆಟ್‌ಗಳಲ್ಲಿ ಮಂಡಳಿಗೆ 5,000 ಕೋಟಿ ರೂಪಾಯಿ ಎಂದು ಘೋಷಣೆ ಆಗಿದೆ. ರಸ್ತೆ, ಭವನ, ಕಮಾನುಗಳಿಗೆ ಹೋಗುವ ಆ ಹಣದಲ್ಲಿ ಒಂದು ಸಣ್ಣ ಪಾಲು ಸಾಕು. ಕಟ್ಟಡ ಸರ್ಕಾರದ್ದೇ ಇರಲಿ, ರಿಪೇರಿ ಮಂಡಳಿ ಮಾಡಿಸಲಿ, ನಡೆಸುವ ಹೊಣೆ ಜಿಮ್ಸ್ ಮತ್ತು ಒಂದು ನಂಬಿಕೆಯ ಟ್ರಸ್ಟ್ ಸೇರಿ ಹೊರಲಿ. ಸಿಬ್ಬಂದಿ ಸಂಬಳ ಪ್ರತಿ ವರ್ಷ ಬರುವ ಹಾಗೆ ಆದೇಶದಲ್ಲೇ ಬರೆಯಿರಿ. ಉದ್ಘಾಟನೆಯಾದ ಮರುವರ್ಷ ನರ್ಸ್‌ಗಳಿಲ್ಲದೆ ಮುಚ್ಚಿದರೆ, ಶುರು ಮಾಡದೇ ಇರುವುದಕ್ಕಿಂತ ಕೆಟ್ಟದ್ದು.

ಪಾಲಿಕೆ ಮತ್ತು ಲೋಕೋಪಯೋಗಿ ಇಲಾಖೆ ತಮ್ಮ ಕೈಯಲ್ಲಿರುವ ಖಾಲಿ ಕಟ್ಟಡಗಳ ಪಟ್ಟಿಯನ್ನು ಒಂದು ತಿಂಗಳಲ್ಲಿ ಹೊರಗಿಡಲಿ. ಕಟ್ಟಿದ ವರ್ಷ, ಜಾಗದ ಅಳತೆ, ಈಗಿನ ಸ್ಥಿತಿ, ಕೋರ್ಟ್ ಕೇಸ್ ಇದೆಯೋ ಇಲ್ಲವೋ ಎಲ್ಲ ಅದರಲ್ಲಿರಲಿ. ಟ್ರಸ್ಟ್‌ಗಳ ಹಿರಿಯರು ಕೂಡ ತಮ್ಮ ಬೀಗದ ಕೈ ಗೊಂಚಲು ಒಮ್ಮೆ ನೋಡಲಿ. ಜಿಮ್ಸ್ ಅಥವಾ ಕಿದ್ವಾಯಿ ಘಟಕದಿಂದ ಮೂರು ನಾಲ್ಕು ಕಿಲೋಮೀಟರ್ ಒಳಗಿನ ಕಟ್ಟಡಗಳಿಂದ ಶುರು ಮಾಡೋಣ. ಪಟ್ಟಿ ಬಂದ ವಾರದಲ್ಲೇ ಪ್ರತಿ ಕಟ್ಟಡದ ಗೋಡೆ, ಛಾವಣಿ ನೋಡಿ ವರದಿ ಬರೆದುಕೊಡಲು ನಾನು ಸಿದ್ಧ, ಜೊತೆಗೆ ಕೆಲಸ ಬಲ್ಲ ಗಾರೆ ಮೇಸ್ತ್ರಿಗಳನ್ನೂ ಕರೆತರುತ್ತೇನೆ. ಇದಕ್ಕೆ ಫೀಸು ಬೇಡ.

ಇಂತಿ,
ಕಲಬುರಗಿಯ ಒಬ್ಬ ಸಿವಿಲ್ ಎಂಜಿನಿಯರ್